ತತ್ಕಾಲ್ ದುಡ್ಡು ಯಾವ ಸಾಲು ದಾಟಿಸುತ್ತದೆ?

ಪ್ರಶ್ನೆ: ನನಗೆ 63 ವರ್ಷ. ಸಕಲೇಶಪುರದ ಹತ್ತಿರ ನಾಲ್ಕು ಎಕರೆ ಕಾಫಿ ತೋಟವಿದೆ. ಮಗಳು ಜರ್ಮನಿಯಲ್ಲಿದ್ದಾಳೆ, ಬಾಣಂತನಕ್ಕೆ ನಾವಿಬ್ಬರೂ ಹೋಗಬೇಕು. ನಾನೂ ನನ್ನ ಮನೆಯವಳೂ ಒಂದೇ ದಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆವು. ಅವಳದು ಮೂರು ವಾರಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಮನೆಗೇ ಬಂತು. ನನ್ನದು ಮೂರು ತಿಂಗಳಾದರೂ ಇಲ್ಲ. ಮೊದಲು ಇನಿಷಿಯಲ್ ಸರಿಯಿಲ್ಲ ಅಂತ ಕೌಂಟರಿನಿಂದ ವಾಪಸ್ ಕಳಿಸಿದರು. ಎರಡನೇ ಸಲ ಹೋದಾಗ ತಗೊಂಡರು. ಪೊಲೀಸಿನವರು ಮನೆಗೆ ಬಂದ ದಿನ ನಾನು ಮೆಣಸು ಬಿಡಿಸಲು ಹೋಗಿದ್ದೆ. ಈಗ ನೋಡಿದರೆ ಪೊಲೀಸ್ ವರದಿ ಸ್ಪಷ್ಟವಾಗಿಲ್ಲ ಅಂತ ತೋರಿಸುತ್ತಿದೆ. ಅರ್ಜಿ ತುಂಬಿಸಿದ ಬ್ರೌಸಿಂಗ್ ಸೆಂಟರಿನವನು 2,500 ರೂಪಾಯಿ ತಗೊಂಡಿದ್ದ. ಇನ್ನೊಬ್ಬ ಈಗ 6,000 ಕೊಡಿ, ತತ್ಕಾಲಿನಲ್ಲಿ ವಾರದೊಳಗೆ ಮಾಡಿಸಿಕೊಡ್ತೀನಿ ಅನ್ನುತ್ತಾನೆ. ನನ್ನ ಪ್ರಶ್ನೆ ಇಷ್ಟೆ. ಆ ಇಲಾಖೆಯಲ್ಲಿ ಕೆಲಸ ಮಾಡಲು ಜನವೇ ಇಲ್ಲವೇ? ನಾವು ಕಟ್ಟುವ ದುಡ್ಡು ಎಲ್ಲಿಗೆ ಹೋಗುತ್ತದೆ? 6,000 ಕೊಡಲೇ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೊಡಬೇಡಿ.

ಮೂವತ್ತು ವರ್ಷ ಪಾಸ್‌ಪೋರ್ಟ್ ಕಡತಗಳ ನಡುವೆ ಕಳೆದು, ನಿವೃತ್ತನಾಗಿ ಈಗ ಹಾಸನದಲ್ಲಿ ಕೂತಿದ್ದೇನೆ. ವಾರಕ್ಕೆ ಇಬ್ಬರಾದರೂ ಇದೇ ಕತೆ ಹೇಳಿಕೊಂಡು ಬರುತ್ತಾರೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ನಿಮ್ಮ ಮನೆಯವರ ಪಾಸ್‌ಪೋರ್ಟು. ಅದೇ ಮನೆ, ಅದೇ ದಿನ, ಅದೇ ಕೌಂಟರು, ಅದೇ ಠಾಣೆ. ಜನ ಕಮ್ಮಿ ಅನ್ನುವುದೊಂದೇ ಕಾರಣವಾಗಿದ್ದರೆ ಅವರದ್ದೂ ನಿಲ್ಲಬೇಕಿತ್ತು. ಇಲಾಖೆಯಲ್ಲಿ ಜನ ಕಮ್ಮಿ ಇರುವುದು ನಿಜವೇ, ಅದನ್ನೂ ಹೇಳುತ್ತೇನೆ. ಆದರೆ ನಿಮ್ಮ ಕಡತ ನಿಂತಿರುವ ಜಾಗ ಬೇರೆ.

ಹೊರಗಿನವರಿಗೆ ಪಾಸ್‌ಪೋರ್ಟ್ ಅಂದರೆ ಒಂದು ಸಾಲು. ಒಳಗೆ ಅದು ಮೂರು ಸಾಲು, ಮೂರಕ್ಕೂ ಬೇರೆ ಬೇರೆ ಯಜಮಾನರು. ಮೊದಲನೆಯದು ಭೇಟಿಯ ದಿನ ಸಿಗುವ ಸಾಲು, ಅಂದರೆ ಅಪಾಯಿಂಟ್‌ಮೆಂಟು. ಅದು ವಿದೇಶಾಂಗ ಸಚಿವಾಲಯದ ಕೈಯಲ್ಲಿದೆ. ಎರಡನೆಯದು ನಿಮ್ಮ ದಾಖಲೆಗಳ ಸಾಲು, ಅದು ನಿಮ್ಮ ಕೈಯಲ್ಲೇ ಇದೆ. ಮೂರನೆಯದು ಪೊಲೀಸ್ ತನಿಖೆ, ಅದು ರಾಜ್ಯ ಸರ್ಕಾರದ ಗೃಹ ಇಲಾಖೆಯದು. ದೆಹಲಿಯವರು ಎಷ್ಟು ಕೌಂಟರು ತೆರೆದರೂ ಸಕಲೇಶಪುರದ ಕಾನ್‌ಸ್ಟೇಬಲ್ಲು ಅವರ ಮಾತು ಕೇಳಬೇಕಾಗಿಲ್ಲ. ಅವರಿಗೆ ಬಂದೋಬಸ್ತು ಇದೆ, ಜಾತ್ರೆ ಇದೆ, ಆನೆ ಬಂದರೆ ಅಲ್ಲಿಗೂ ಓಡಬೇಕು.

ಈಗ ಜನದ ವಿಷಯ. 2008ರ ಅಕ್ಟೋಬರಿನಲ್ಲಿ ಸಚಿವಾಲಯ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಕೆಲಸಕ್ಕೆ ಟಿಸಿಎಸ್ ಅನ್ನುವ ಖಾಸಗಿ ಕಂಪ್ಯೂಟರ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. 2010ರಲ್ಲಿ ಬೆಂಗಳೂರು ಮತ್ತು ಚಂಡೀಗಢದಲ್ಲಿ ಪ್ರಯೋಗ ನಡೆಯಿತು. 2012ರ ಮಧ್ಯದ ಹೊತ್ತಿಗೆ ದೇಶದಲ್ಲಿ 77 ಪಾಸ್‌ಪೋರ್ಟ್ ಸೇವಾ ಕೇಂದ್ರಗಳಾದವು. ಅದಕ್ಕೂ ಮುಂಚಿನ ಕಾಲ ನೋಡಿದವನು ನಾನು. ಅರ್ಜಿಗಳನ್ನು ಟ್ವೈನ್ ದಾರದಲ್ಲಿ ಕಟ್ಟಿ ನೆಲದ ಮೇಲೆ ಪೇರಿಸುತ್ತಿದ್ದೆವು. ಹೆಸರು, ಊರು, ತಂದೆ ಹೆಸರು ಎಲ್ಲವನ್ನೂ ಪುಸ್ತಕದೊಳಗೆ ಕೈಯಲ್ಲೇ ಬರೆಯಬೇಕು. ಒಂದು ಅಕ್ಷರ ತಪ್ಪಿದರೆ ಇಡೀ ಪುಸ್ತಕ ರದ್ದು. ಆ ಕೈಬರಹದ ಪಾಸ್‌ಪೋರ್ಟುಗಳನ್ನು 2015ರ ನವೆಂಬರ್ 24ರ ನಂತರ ಹೊರದೇಶಗಳು ಒಪ್ಪುವುದನ್ನೇ ನಿಲ್ಲಿಸಿದವು. ಹಾಗಾಗಿ ಹಳೇ ಕಾಲವೇ ಚೆನ್ನಾಗಿತ್ತು ಅನ್ನುವವರ ಸಾಲಿನಲ್ಲಿ ನಾನಿಲ್ಲ.

ಹೊಸ ವ್ಯವಸ್ಥೆಯ ಒಳಗುಟ್ಟು ಹೀಗಿದೆ. ಬೆಂಗಳೂರಿನಂಥ ದೊಡ್ಡ ಕೇಂದ್ರಕ್ಕೆ ಹೋದರೆ ಎ, ಬಿ, ಸಿ ಅಂತ ಮೂರು ಕೌಂಟರು ದಾಟಬೇಕು. ಎ ಕೌಂಟರಿನಲ್ಲಿ ಫೋಟೊ, ಬೆರಳಚ್ಚು, ದಾಖಲೆಗಳ ಸ್ಕ್ಯಾನು. ಅಲ್ಲಿ ಕೂತಿರುವವರು ಕಂಪನಿಯ ಹುಡುಗ ಹುಡುಗಿಯರು. ಬಿ ಕೌಂಟರಿನಲ್ಲಿ ದಾಖಲೆ ಪರಿಶೀಲಿಸುವ ಅಧಿಕಾರಿ, ಸಿ ಕೌಂಟರಿನಲ್ಲಿ ಮಂಜೂರು ಮಾಡುವ ಅಧಿಕಾರಿ. ಇವರಿಬ್ಬರೂ ಸರ್ಕಾರಿ ನೌಕರರು. ಪಾಸ್‌ಪೋರ್ಟ್ ಕೊಡುವ ಅಧಿಕಾರ ಕಾನೂನಿನ ಪ್ರಕಾರ ಸರ್ಕಾರದ್ದು, ಅದನ್ನು ಕಂಪನಿಗೆ ಬಿಡುವಂತಿಲ್ಲ. ಜನದಟ್ಟಣೆ ಹೆಚ್ಚಾದರೆ ಕಂಪನಿ ಇನ್ನಿಬ್ಬರನ್ನು ಎ ಕೌಂಟರಿಗೆ ತಂದು ಕೂರಿಸಬಹುದು. ಬಿ ಮತ್ತು ಸಿ ಕೌಂಟರಿನ ಕುರ್ಚಿಗೆ ಹಾಗೆ ಯಾರನ್ನೋ ತರಲಾಗುವುದಿಲ್ಲ. ಹುದ್ದೆ ಮಂಜೂರಾಗಬೇಕು, ನೇಮಕಾತಿ ನಡೆಯಬೇಕು, ತರಬೇತಿ ಆಗಬೇಕು. ನಿವೃತ್ತಿ ಮಾತ್ರ ಯಾರ ಮಂಜೂರಾತಿಗೂ ಕಾಯುವುದಿಲ್ಲ. ಕೇಂದ್ರ ಪಾಸ್‌ಪೋರ್ಟ್ ಸಂಘಟನೆ ಶುರುವಾದದ್ದು 1959ರಲ್ಲಿ. ಇವತ್ತು ವರ್ಷಕ್ಕೆ ಒಂದು ಕೋಟಿಗೂ ಮೀರಿ ಪಾಸ್‌ಪೋರ್ಟ್ ಹೊರಡುತ್ತವೆ. ಅರ್ಜಿ ಬೆಳೆದ ವೇಗದಲ್ಲಿ ಕುರ್ಚಿ ಬೆಳೆದಿಲ್ಲ. ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯೂ ಈ ಖಾಲಿ ಹುದ್ದೆಗಳ ಮಾತು ಎತ್ತಿದೆ.

ಕಂಪ್ಯೂಟರಿನಲ್ಲಿ ದಿನ ಖಾಲಿ ಇಲ್ಲ ಅಂತ ಬಂದರೆ ಆ ಕೇಂದ್ರದಲ್ಲಿ ಕಾಲಿಡಲು ಜಾಗವಿಲ್ಲ ಅಂತ ಜನ ತಿಳಿಯುತ್ತಾರೆ. ಹಾಗಲ್ಲ. ಅಲ್ಲಿನ ಅಧಿಕಾರಿಗಳು ದಿನಕ್ಕೆ ಎಷ್ಟು ಕಡತ ನೋಡಿ ಮುಗಿಸಬಲ್ಲರೋ ಅಷ್ಟೇ ಅಪಾಯಿಂಟ್‌ಮೆಂಟು ಬಿಡುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿದರೆ ಅರ್ಧ ಕುರ್ಚಿ ಖಾಲಿ ಇದ್ದರೂ ಇರಬಹುದು.

ಹಾಸನದಂಥ ಜಿಲ್ಲೆಗೆ ಬಾಗಿಲು ತೆರೆದದ್ದು ಅಂಚೆ ಇಲಾಖೆ. 2017ರ ಜನವರಿ 25ರಂದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಸೇವಾ ಕೇಂದ್ರದ ಪ್ರಯೋಗ ಆಯಿತು. ಆಮೇಲೆ ಅದು ಊರೂರಿಗೂ ಬಂತು. ಹಾಸನದ ಪ್ರಧಾನ ಅಂಚೆ ಕಚೇರಿಗೂ ಬಂತು. ಈಗ ದೇಶದಲ್ಲಿ ಇಂಥ ಕೇಂದ್ರಗಳು 440ಕ್ಕೂ ಹೆಚ್ಚು. ನನ್ನ ಮಟ್ಟಿಗೆ ಹೇಳುವುದಾದರೆ ಈ ಇಲಾಖೆ ಮಾಡಿದ ಅತಿ ಒಳ್ಳೆಯ ಕೆಲಸ ಇದು. ಅರಕಲಗೂಡಿನವರು, ಬೇಲೂರಿನವರು ಮೊದಲು ರಾತ್ರಿ ಬಸ್ಸು ಹಿಡಿದು, ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಇಳಿದು, ಅಲ್ಲೇ ಮುಖ ತೊಳೆದುಕೊಂಡು ಕೇಂದ್ರ ಹುಡುಕಿಕೊಂಡು ಹೋಗಬೇಕಿತ್ತು. ಒಂದು ಜೆರಾಕ್ಸ್ ಮರೆತರೆ ಇನ್ನೊಂದು ರಾತ್ರಿ ಬಸ್ಸು.

ಆದರೆ ಅಂಚೆ ಕಚೇರಿಯ ಕೇಂದ್ರದಲ್ಲಿ ಕೌಂಟರಿಗೆ ಕೂರುವವರು ಅಂಚೆ ನೌಕರರು. ಪಾಸ್‌ಪೋರ್ಟ್ ತರಬೇತಿ ಪಡೆದಿರುತ್ತಾರೆ, ನಿಜ. ಆದರೂ ಅವರ ಇಲಾಖೆಗೆ ಉಳಿತಾಯ ಖಾತೆ, ಪಾರ್ಸೆಲ್, ಆಧಾರ್ ಎಲ್ಲವೂ ಇದೆ. ಇಡೀ ಕರ್ನಾಟಕಕ್ಕೆ ಇರುವುದು ಒಂದೇ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ, ಬೆಂಗಳೂರಿನ ಕೋರಮಂಗಲದಲ್ಲಿ. ಬೀದರಿನ ಕಡತವೂ ಅಲ್ಲಿಗೇ, ನಿಮ್ಮ ಕಡತವೂ ಅಲ್ಲಿಗೇ. ಪುಸ್ತಕ ಮುದ್ರಣವಾಗುವುದು ನಾಸಿಕ್‌ನ ಭದ್ರತಾ ಮುದ್ರಣಾಲಯದಲ್ಲಿ. ಅದರೊಳಗೆ ನಿಮ್ಮ ಹೆಸರು, ಫೋಟೊ ಅಚ್ಚಾಗಿ ಸ್ಪೀಡ್ ಪೋಸ್ಟಿಗೆ ಬೀಳುವುದು ಪಾಸ್‌ಪೋರ್ಟ್ ಕಚೇರಿಯಿಂದ. ಬಾಗಿಲು ಹತ್ತಿರ ಬಂದಿದೆ ಸ್ವಾಮಿ, ಸಹಿ ಹಾಕುವ ಕೈ ಇನ್ನೂ ದೂರದಲ್ಲೇ ಇದೆ. ಜಿಲ್ಲೆಗೊಂದು ಕೇಂದ್ರ ಉದ್ಘಾಟಿಸುವ ಬದಲು ನಾಲ್ಕು ಜಿಲ್ಲೆಗೆ ಒಬ್ಬ ಮಂಜೂರು ಅಧಿಕಾರಿಯನ್ನು ಕೂರಿಸಿದರೆ ಹೆಚ್ಚು ಉಪಯೋಗವಾಗುತ್ತದೆ ಅಂತ ಸೇವೆಯಲ್ಲಿದ್ದಾಗಲೂ ಹೇಳುತ್ತಿದ್ದೆ. ಕುರ್ಚಿಗೆ ರಿಬ್ಬನ್ ಕಟ್ಟಿ ಕತ್ತರಿಸಲು ಬರುವುದಿಲ್ಲವಲ್ಲ.

ಇನ್ನು ನಿಮ್ಮ ಹೆಸರು. ಇದರ ಬಗ್ಗೆ ನಾಲ್ಕು ಮಾತು ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಹಾಸನ ಜಿಲ್ಲೆಯವರ ಕಡತ ಅತಿ ಹೆಚ್ಚು ನಿಲ್ಲುವುದು ಇಲ್ಲೇ.

ನಮ್ಮ ಕಡೆ ಹೆಸರಿನ ಮುಂದೆ ಎರಡು ಅಕ್ಷರ ಇರಲೇಬೇಕು. ಒಂದು ಊರು, ಒಂದು ಅಪ್ಪ. ನಮ್ಮ ಜಿಲ್ಲೆಯಿಂದ ಪ್ರಧಾನಿಯಾದವರ ಹೆಸರನ್ನೇ ನೋಡಿ: ಎಚ್ ಅಂದರೆ ಹರದನಹಳ್ಳಿ, ಡಿ ಅಂದರೆ ದೊಡ್ಡೇಗೌಡರು, ಆಮೇಲೆ ದೇವೇಗೌಡ. ಊರಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ. ಪಾಸ್‌ಪೋರ್ಟ್ ಅರ್ಜಿ ಮಾತ್ರ ಇನಿಷಿಯಲ್ ಒಪ್ಪುವುದಿಲ್ಲ. ಅದಕ್ಕೆ ಎರಡೇ ಖಾನೆ, ಕೊಟ್ಟ ಹೆಸರು ಮತ್ತು ಉಪನಾಮ. ಎರಡರಲ್ಲೂ ಪೂರ್ತಿ ಬರೆಯಬೇಕು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮಂಜೇಗೌಡ ಅಂತ ಒಬ್ಬರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಂಜೇಗೌಡ ಎಚ್.ಟಿ. ಆಧಾರಿನಲ್ಲಿ ಎಚ್ ಟಿ ಮಂಜೇ, ಜಾಗ ಬಿಟ್ಟು ಗೌಡ. ಪಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು ಪೂರ್ತಿ. ಪಹಣಿಯಲ್ಲಿ ಮಂಜಪ್ಪ ಬಿನ್ ತಿಮ್ಮೇಗೌಡ. ಊರಿನವರಿಗೆ ಈ ನಾಲ್ಕೂ ಒಬ್ಬನೇ ಮನುಷ್ಯ. ಕೌಂಟರಿನಲ್ಲಿ ಕೂತವರಿಗೆ ನಾಲ್ಕು ಜನ. ನಾನೂ ಆ ಕುರ್ಚಿಯಲ್ಲಿ ಕೂತು ವಾಪಸ್ ಕಳಿಸಿದ್ದೇನೆ. ಎದುರಿಗೆ ನಿಂತವರು ನಮ್ಮ ಪಕ್ಕದ ಊರಿನವರು, ಅವರಪ್ಪ ನನಗೆ ಗೊತ್ತಿದ್ದವರು. ಆದರೂ ಸಹಿ ಹಾಕಲಾಗಲಿಲ್ಲ. ಆಮೇಲೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿ, ಏನೇನು ತಿದ್ದಿಸಬೇಕು ಅಂತ ಅವರ ಅರ್ಜಿಯ ಹಿಂದೆಯೇ ಬರೆದುಕೊಟ್ಟೆ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಅವರು ಗೊಣಗಿಕೊಂಡು ಹೋದದ್ದು ಕೇಳಿಸಿತು.

ನಿಮ್ಮ ಮನೆಯವರದ್ದು ಯಾಕೆ ಸಲೀಸಾಗಿ ಬಂತು ಅಂತ ಈಗ ಗೊತ್ತಾಗಿರಬೇಕು. ನನ್ನ ಊಹೆ, ಅವರ ಎಲ್ಲ ದಾಖಲೆಯಲ್ಲೂ ಹೆಸರು ಒಂದೇ ಥರ ಇರುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳ ಹೆಸರಿಗೆ ಊರು ಅಂಟಿಸುವ ಚಟ ಕಮ್ಮಿ. ಗಂಡಸರೇ ಊರನ್ನು ಹೊತ್ತುಕೊಂಡು ತಿರುಗುವವರು.

ತಿದ್ದಿಸುವಾಗ ಒಂದು ಲೆಕ್ಕ ನೆನಪಿರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಿದ್ದಿಸುವುದು ಮಹಾ ಕಷ್ಟ. ಆಧಾರ್ ತಿದ್ದಿಸುವುದು ಸುಲಭ, ಆದರೆ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದು. ಹಾಗಾಗಿ ಗಟ್ಟಿಯಾದ ದಾಖಲೆಯನ್ನು ಗೂಟ ಮಾಡಿಕೊಂಡು ಉಳಿದವನ್ನು ಅದಕ್ಕೆ ಹೊಂದಿಸಬೇಕು. ಬ್ರೌಸಿಂಗ್ ಸೆಂಟರಿನವರು ಇದನ್ನು ತಿರುಗಾಮುರುಗಾ ಮಾಡಿ, ಆಧಾರಿಗೆ ತಕ್ಕಂತೆ ಅಂಕಪಟ್ಟಿ ತಿದ್ದಿಸಿ ಅನ್ನುತ್ತಾರೆ, ಕೇಳಬೇಡಿ. ಉಪನಾಮದ ಖಾನೆಯನ್ನು ಖಾಲಿ ಬಿಟ್ಟರೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. 2022ರ ನವೆಂಬರಿನಲ್ಲಿ ಯುಎಇ ದೇಶ ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಅಂದಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗಬಹುದು ಅಂತ ಆಮೇಲೆ ಸಡಿಲಿಸಿದರು. ಅಷ್ಟರಲ್ಲಿ ವಿಮಾನ ನಿಲ್ದಾಣದವರೆಗೂ ಹೋಗಿ ವಾಪಸ್ ಬಂದವರು ಬಂದಾಗಿತ್ತು. ನೀವು ಹೋಗುತ್ತಿರುವುದು ಜರ್ಮನಿಗೆ, ದಾರಿಯಲ್ಲಿ ದುಬೈ ಸಿಗಬಹುದು. ಎರಡೂ ಖಾನೆ ತುಂಬಿರಲಿ.

ಬೆರಳಚ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೆ ಮಲೆನಾಡಿನವರಿಗೆಲ್ಲ ಹೇಳುವ ಮಾತು. ಕಾಫಿ, ಮೆಣಸು, ಶುಂಠಿ ಅಂತ ವರ್ಷವಿಡೀ ಕೆಲಸ ಮಾಡಿದವರ ಬೆರಳಿನ ಗೆರೆ ಸವೆದಿರುತ್ತದೆ. ಗಾಜಿನ ಮೇಲೆ ನಾಲ್ಕು ಬೆರಳು ಒಟ್ಟಿಗೆ ಇಟ್ಟರೆ ಯಂತ್ರ ಕೆಂಪು ದೀಪ ಹಾಕಿ ಮತ್ತೊಮ್ಮೆ ಅನ್ನುತ್ತದೆ. ನನ್ನೆದುರು ಒಬ್ಬ ಯಜಮಾನರು ಏಳು ಸಲ ಇಟ್ಟರು. ಎಂಟನೇ ಸಲಕ್ಕೆ ಕೌಂಟರಿನ ಹುಡುಗಿ ಅವರಿಗೆ ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಿ ಅಜ್ಜ ಅಂದಳು, ಬಂತು. ಹೋಗುವ ಮುಂಚಿನ ಎರಡು ರಾತ್ರಿ ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗಿ. ಹೋಗುವ ಬೆಳಿಗ್ಗೆ ಸೋಪು ಹಾಕಿ ತೊಳೆಯಿರಿ.

ಮೂರನೇ ಸಾಲಿಗೆ ಬರೋಣ, ನಿಮ್ಮ ಕಡತ ಈಗ ನಿಂತಿರುವುದು ಅಲ್ಲಿ. ಪಾಸ್‌ಪೋರ್ಟ್ ಕಚೇರಿಯಿಂದ ನಿಮ್ಮ ವಿವರ ಕಂಪ್ಯೂಟರಿನಲ್ಲೇ ಹಾಸನದ ಎಸ್‌ಪಿ ಕಚೇರಿಗೆ ಬರುತ್ತದೆ. ಅಲ್ಲಿಂದ ನಿಮ್ಮ ಠಾಣೆಗೆ. ಠಾಣೆಯಿಂದ ಒಬ್ಬರು ಮನೆಗೆ ಬಂದು, ವಿಳಾಸ, ಪೌರತ್ವ, ಕೇಸುಗಳಿವೆಯೇ ಅಂತ ನೋಡಿ, ಅಕ್ಕಪಕ್ಕದವರನ್ನು ಕೇಳಿ, ಮೊಬೈಲಿನ ಆ್ಯಪ್‌ನಲ್ಲಿ ತುಂಬುತ್ತಾರೆ. ಅದು ಎಸ್‌ಪಿ ಕಚೇರಿ ಮೂಲಕ ಬೆಂಗಳೂರಿಗೆ ವಾಪಸ್. ಇದಕ್ಕೆ ಇಟ್ಟುಕೊಂಡಿರುವ ಗಡುವು 21 ದಿನ. ಗಡುವಿನೊಳಗೆ ವರದಿ ಬಂದರೆ ಸಚಿವಾಲಯ ರಾಜ್ಯದ ಪೊಲೀಸ್ ಇಲಾಖೆಗೆ ಕಡತಕ್ಕೆ 150 ರೂಪಾಯಿ ಕೊಡುವ, ತಡವಾದರೆ 50 ರೂಪಾಯಿ ಮಾತ್ರ ಕೊಡುವ ಕ್ರಮ ಬಹಳ ವರ್ಷಗಳಿಂದ ಇದೆ. ಇದನ್ನು ಯಾಕೆ ಹೇಳಿದೆ ಅಂದರೆ, ಮನೆಗೆ ಬಂದವರ ಕೈಗೆ ಏನಾದರೂ ಇಡಬೇಕೇನೋ ಅಂತ ನೀವು ಒದ್ದಾಡಬೇಕಿಲ್ಲ. ಆ ಕೆಲಸದ ದುಡ್ಡು ಇಲಾಖೆಯಿಂದ ಇಲಾಖೆಗೆ ಹೋಗುತ್ತದೆ. ಕಾಫಿ ಬೆಳೆಯುವವರ ಮನೆಗೆ ಬಂದವರಿಗೆ ಒಂದು ಲೋಟ ಕಾಫಿ ಕೊಡದೆ ಕಳಿಸಿ ಅಂತ ನಾನು ಹೇಳುವುದಿಲ್ಲ, ಅಷ್ಟೆ.

ನಿಮ್ಮ ಮನೆಯವರ ತನಿಖೆಗೆ ಬಂದಾಗ ಅವರು ಮನೆಯಲ್ಲಿದ್ದರು. ನಿಮ್ಮದು ಕೌಂಟರಿನಲ್ಲೇ ಒಂದು ಸುತ್ತು ಹಿಂದೆ ಬಿದ್ದದ್ದರಿಂದ ಬೇರೆ ದಿನ ಬಂದರು, ನೀವು ತೋಟದಲ್ಲಿದ್ದಿರಿ. ವಿಳಾಸದಲ್ಲಿ ಅರ್ಜಿದಾರರು ಸಿಗಲಿಲ್ಲ ಅಂತ ಬರೆದರೆ ಆ ವರದಿ ಸ್ಪಷ್ಟವಿಲ್ಲದ ವರದಿಯಾಗುತ್ತದೆ. ಕೇಸು ಇದ್ದವರದ್ದೂ, ಮೆಣಸು ಬಿಡಿಸಲು ಹೋದವರದ್ದೂ ಕಂಪ್ಯೂಟರಿನಲ್ಲಿ ಸರಿಸುಮಾರು ಒಂದೇ ಬಣ್ಣದಲ್ಲಿ ಕಾಣುತ್ತದೆ. ಹೆದರಬೇಡಿ. ಆದರೆ ಒಂದು ಮುಖ್ಯ ವಿಷಯ: ಈಗ ಠಾಣೆಗೆ ಹೋಗಿ ಇನ್ನೊಂದು ಸಲ ಬನ್ನಿ ಅಂತ ಬೇಡಿಕೊಂಡರೆ ಪ್ರಯೋಜನವಿಲ್ಲ. ವರದಿ ಅವರ ಕೈಬಿಟ್ಟಾಗಿದೆ. ಪಾಸ್‌ಪೋರ್ಟ್ ಕಚೇರಿ ಮರುತನಿಖೆಗೆ ಹೊಸದಾಗಿ ಕಳಿಸಿದರೆ ಮಾತ್ರ ಠಾಣೆಯ ಪರದೆಯ ಮೇಲೆ ನಿಮ್ಮ ಹೆಸರು ಮತ್ತೆ ಮೂಡುತ್ತದೆ. ಜನ ಅಲೆದು ಚಪ್ಪಲಿ ಸವೆಸುವುದು ಈ ತಪ್ಪು ಬಾಗಿಲಿಗೆ.

ಸರಿಯಾದ ಬಾಗಿಲು ಕೋರಮಂಗಲದ ಕಚೇರಿಯದು. ಅವರಿಂದ ನಿಮಗೆ ವಿವರಣೆ ಕೇಳಿ ಪತ್ರ ಬಂದಿದೆಯೇ ನೋಡಿ. ಬಂದಿದ್ದರೆ, ಇಂಥ ದಿನ ತೋಟದಲ್ಲಿದ್ದೆ, ಇದೇ ವಿಳಾಸದಲ್ಲಿ ವಾಸವಿದ್ದೇನೆ, ಮರುತನಿಖೆ ಮಾಡಿಸಿ ಅಂತ ಮೂರು ಸಾಲು ಬರೆದು, ವಿಳಾಸದ ದಾಖಲೆ ಜೊತೆಗಿಟ್ಟು ಉತ್ತರ ಕೊಡಿ. ಬಂದಿಲ್ಲದಿದ್ದರೆ 1800-258-1800ಕ್ಕೆ ಕರೆ ಮಾಡಿ, ಅದು ಸಚಿವಾಲಯದ ಉಚಿತ ಸಹಾಯವಾಣಿ. ಅಧಿಕೃತ ಜಾಲತಾಣದಲ್ಲಿ ವಿಚಾರಣೆಗೆ ದಿನ ತೆಗೆದುಕೊಂಡು ಕಚೇರಿಗೇ ಹೋಗಿಯೂ ಕೇಳಬಹುದು. ಒಂದು ದಿನದ ಬೆಂಗಳೂರು ಓಡಾಟ ದಂಡ, ನಿಜ. ಆದರೂ 6,000ಕ್ಕಿಂತ ಕಮ್ಮಿಯೇ. ಅಲ್ಲೂ ಏನೂ ಆಗಲಿಲ್ಲವೆಂದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನನ್ನ ಕಡತ ಯಾವ ದಿನದಿಂದ ಯಾರ ಬಳಿ ಇದೆ, ಇಷ್ಟು ಒಂದೇ ಪ್ರಶ್ನೆ. ಉದ್ದ ಬರೆಯಬೇಡಿ, ಸಿಟ್ಟು ಬರೆಯಬೇಡಿ. ಸೇವೆಯಲ್ಲಿದ್ದಾಗ ಇಂಥ ಒಂದು ಸಾಲಿನ ಅರ್ಜಿ ಬಂದರೆ ನಾವು ಉತ್ತರ ಬರೆಯುವ ಮುಂಚೆ ಕಡತವನ್ನೇ ವಿಲೇವಾರಿ ಮಾಡುತ್ತಿದ್ದೆವು, ಅದೇ ಸುಲಭವಾಗಿತ್ತು.

ಕಡತದ ಸ್ಥಿತಿ ನೋಡಲು ಬ್ರೌಸಿಂಗ್ ಸೆಂಟರಿಗೆ ಹೋಗಿ ಅವನಿಗೆ ಕಾಯಬೇಡಿ. ಅವನು ತನ್ನದೇ ಇಮೇಲು, ಪಾಸ್‌ವರ್ಡು ಹಾಕಿ ಅರ್ಜಿ ತುಂಬಿರುತ್ತಾನೆ ಅಂತ ನನಗೆ ಖಾತ್ರಿ. ಪರವಾಗಿಲ್ಲ. ಕೌಂಟರಿನಲ್ಲಿ ಕೊಟ್ಟ ಚೀಟಿಯಲ್ಲಿ ಫೈಲ್ ನಂಬರಿದೆ. ಆ ನಂಬರು ಮತ್ತು ನಿಮ್ಮ ಹುಟ್ಟಿದ ದಿನಾಂಕ ಹಾಕಿದರೆ ಯಾರ ಪಾಸ್‌ವರ್ಡೂ ಬೇಡ.

ಈಗ ದುಡ್ಡಿನ ಲೆಕ್ಕ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1,500, 60 ಪುಟಕ್ಕೆ 2,000 ರೂಪಾಯಿ. 2012ರ ಅಕ್ಟೋಬರಿಗೆ ಮುಂಚೆ 1,000 ಇದ್ದದ್ದು ಆಗ 1,500 ಆಯಿತು. ತತ್ಕಾಲಿಗೆ ಇದರ ಮೇಲೆ 2,000. ಅರವತ್ತು ದಾಟಿದವರು ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದರೆ ಶೇಕಡಾ 10 ರಿಯಾಯಿತಿ, 2017ರಿಂದ. ನಿಮಗೆ 63. ಅಂದರೆ ನಿಮ್ಮದು 1,350 ರೂಪಾಯಿ. 2,500 ಕೊಟ್ಟೆ ಅಂದಿರಿ. ಉಳಿದ 1,150 ರೂಪಾಯಿ ಸರ್ಕಾರಕ್ಕೆ ಹೋಗಿಲ್ಲ ಸ್ವಾಮಿ, ಅದು ಆ ಅಂಗಡಿಯಲ್ಲೇ ಇದೆ. ಕಾಮನ್ ಸರ್ವಿಸ್ ಸೆಂಟರುಗಳಲ್ಲಿ ಪಾಸ್‌ಪೋರ್ಟ್ ಅರ್ಜಿ ತುಂಬಲು ಸಚಿವಾಲಯ ಗೊತ್ತು ಮಾಡಿದ್ದ ಸೇವಾ ಶುಲ್ಕ 100 ರೂಪಾಯಿ. ಸಾಲದ್ದಕ್ಕೆ, ಸರ್ಕಾರದ ತಾಣದ ಥರವೇ ಕಾಣುವ ಖಾಸಗಿ ತಾಣಗಳೂ ಇವೆ. ವಿಳಾಸದ ಕೊನೆಗೆ ಗವ್ ಡಾಟ್ ಇನ್ ಇಲ್ಲದಿದ್ದರೆ ಅಲ್ಲಿ ಒಂದು ರೂಪಾಯಿ ಕಟ್ಟಬೇಡಿ.

ಸರ್ಕಾರಕ್ಕೆ ಸೇರಿದ ದುಡ್ಡು ಸೀದಾ ಖಜಾನೆಗೆ ಹೋಗುತ್ತದೆ. ಪುಸ್ತಕದ ಮುದ್ರಣ, ಕಂಪನಿಗೆ ಅರ್ಜಿಯ ಲೆಕ್ಕದಲ್ಲಿ ಕೊಡುವ ಹಣ, ಪೊಲೀಸ್ ಇಲಾಖೆಗೆ ಕೊಡುವುದು, ಅಂಚೆ, ಸಂಬಳ ಎಲ್ಲವೂ ಬಜೆಟ್ಟಿನಿಂದ ಬೇರೆಯಾಗಿ ಬರುತ್ತವೆ. ಅಂದರೆ ಜಾಸ್ತಿ ಜನ ಅರ್ಜಿ ಹಾಕಿದರೆ ಕಚೇರಿಗೆ ತಾನಾಗಿಯೇ ಜಾಸ್ತಿ ಸಂಬಳದ ದುಡ್ಡು ಬರುವುದಿಲ್ಲ. ಗಿರಾಕಿ ಹೆಚ್ಚಾದರೆ ದರ್ಶಿನಿಯವನು ಸಂಜೆಯೊಳಗೆ ಇನ್ನೊಬ್ಬ ಹುಡುಗನನ್ನು ಇಟ್ಟುಕೊಳ್ಳುತ್ತಾನೆ. ಇಲ್ಲಿ ಹಾಗಾಗುವುದಿಲ್ಲ. ಕೋವಿಡ್ ಮುಗಿದು 2022ರಲ್ಲಿ ಎಲ್ಲರೂ ಒಟ್ಟಿಗೆ ಹೊರಟಾಗ ಏನು ಮಾಡಿದರು? ಇದ್ದ ಜನರನ್ನೇ ಶನಿವಾರವೂ ಕೆಲಸಕ್ಕೆ ಕರೆದರು. ಪೊಲೀಸ್ ಕ್ಲಿಯರೆನ್ಸ್ ಪತ್ರದ ಅರ್ಜಿಗಳನ್ನು ಆ ವರ್ಷದ ಸೆಪ್ಟೆಂಬರ್ 28ರಿಂದ ಅಂಚೆ ಕೇಂದ್ರಗಳಲ್ಲೂ ತೆಗೆದುಕೊಳ್ಳಲು ಶುರು ಮಾಡಿದರು. ಒತ್ತಡ ಇಳಿಯಿತು, ಕುರ್ಚಿಗಳ ಸಂಖ್ಯೆಯ ಮಾತು ಅಲ್ಲೇ ನಿಂತಿತು.

ತತ್ಕಾಲಿನ 2,000 ಏನು ಕೊಳ್ಳುತ್ತದೆ ಅಂತ ಕೇಳಿದಿರಿ ಅಂದುಕೊಳ್ಳಿ. ಮೊದಲನೇ ಸಾಲಿನಲ್ಲಿ ಬೇಗ ದಿನ ಕೊಡಿಸುತ್ತದೆ, ಅದಕ್ಕೆ ಪ್ರತ್ಯೇಕ ಪಾಲು ಇಟ್ಟಿರುತ್ತಾರೆ. ಸಾಮಾನ್ಯವಾಗಿ ಪೊಲೀಸ್ ತನಿಖೆಯನ್ನು ಪಾಸ್‌ಪೋರ್ಟ್ ಕೊಟ್ಟ ಮೇಲೆ ಮಾಡಿಸುತ್ತಾರೆ, ಹಾಗಾಗಿ ಮೂರನೇ ಸಾಲೂ ಹಿಂದಕ್ಕೆ ಹೋಗುತ್ತದೆ. ಆದರೆ ಅದು ಪಾಸ್‌ಪೋರ್ಟ್ ಅಧಿಕಾರಿಯ ವಿವೇಚನೆ. ಮೊದಲೇ ತನಿಖೆ ಬೇಕು ಅಂದರೆ ಬೇಕೇ ಬೇಕು. ಎರಡನೇ ಸಾಲನ್ನು ಮಾತ್ರ ತತ್ಕಾಲು ದಾಟಿಸುವುದಿಲ್ಲ, ಇನ್ನೂ ಉದ್ದ ಮಾಡುತ್ತದೆ. ತತ್ಕಾಲಿಗೆ ಮೂರು ದಾಖಲೆ ಬೇಕು, ಮೂರರಲ್ಲೂ ಹೆಸರು ಕೂಡಬೇಕು. ಇನಿಷಿಯಲ್ ಕಾರಣಕ್ಕೆ ವಾಪಸ್ ಬಂದವರು ತತ್ಕಾಲಿಗೆ ಹೋಗುವುದು ಒಡೆದ ಕೊಡ ಹಿಡಿದು ದೊಡ್ಡ ಕೆರೆಗೆ ಹೋದ ಹಾಗೆ. ನಿಮ್ಮ ವಿಷಯದಲ್ಲಂತೂ ಒಂದು ಕಡತ ಆಗಲೇ ಓಡುತ್ತಿದೆ. ಅದಿರುವಾಗಲೇ ಇನ್ನೊಂದು ಅರ್ಜಿ ಹಾಕಿದರೆ ಎರಡೂ ಒಂದಕ್ಕೊಂದು ಸಿಕ್ಕಿಕೊಂಡು ಮೊದಲನೆಯದನ್ನು ಮುಚ್ಚಿಸಲು ಮತ್ತೆ ಬೆಂಗಳೂರಿಗೇ ಹೋಗಬೇಕು. ಆ 6,000 ಕೇಳಿದವನು ಇದನ್ನು ಹೇಳಿರುವುದಿಲ್ಲ.

ಮೊದಲ ಸಾಲು ಉದ್ದವಿದ್ದಾಗ ಇತರರು ಮಾಡಬಹುದಾದ ಒಂದು ಉಪಾಯವಿದೆ. 2018ರಿಂದ ದೇಶದ ಯಾವ ಊರಿನಿಂದ ಬೇಕಾದರೂ ಅರ್ಜಿ ಹಾಕಬಹುದು. ಹಾಸನದಲ್ಲಿ ದಿನ ಸಿಗದಿದ್ದರೆ ಮೈಸೂರು ನೋಡಿ. ಸಕಲೇಶಪುರದವರಿಗೆ ಶಿರಾಡಿ ಘಾಟಿ ಇಳಿದರೆ ಮಂಗಳೂರು ಇದೆ. ತನಿಖೆ ಮಾತ್ರ ಅರ್ಜಿಯಲ್ಲಿ ಬರೆದ ವಿಳಾಸಕ್ಕೇ ಬರುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು ಊರಿನ ವಿಳಾಸ ಬರೆದು, ಪೊಲೀಸಿನವರು ಬಂದಾಗ ಮಡಿವಾಳದ ಪಿಜಿಯಲ್ಲಿರುತ್ತಾರೆ. ಆಮೇಲೆ ನಿಮ್ಮದೇ ಕತೆ.

ಪಾಸ್‌ಪೋರ್ಟ್ ಕೊಡುವುದು ಬಿಡುವುದು ಅವರ ಇಷ್ಟ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಕಾಲದಲ್ಲಿ ಹಾಗೇ ಇತ್ತು, ಕಾನೂನೇ ಇರಲಿಲ್ಲ. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಗೆ ಮನಸೋಇಚ್ಛೆ ನಡೆಯುವಂತಿಲ್ಲ ಅಂದಿತು. ಅದೇ ವರ್ಷ ಜೂನ್ 24ರಂದು ಪಾಸ್‌ಪೋರ್ಟ್ ಕಾಯ್ದೆ ಬಂತು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದ ತೀರ್ಪು ಇದನ್ನು ಇನ್ನೂ ಗಟ್ಟಿ ಮಾಡಿತು. ಕೊಡುವುದಿಲ್ಲ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು, ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ. ನಿಮ್ಮದು ಅಲ್ಲಿಯವರೆಗೆ ಹೋಗುವ ಕಡತವಲ್ಲ.

ಮರುತನಿಖೆಗೆ ಕಳಿಸಿದ ಸುದ್ದಿ ಮೊಬೈಲಿಗೆ ಬರುತ್ತದೆ. ಅರ್ಜಿಯಲ್ಲಿರುವ ನಂಬರು ನಿಮ್ಮದೋ ಬ್ರೌಸಿಂಗ್ ಸೆಂಟರಿನವನದೋ ಮೊದಲು ನೋಡಿಕೊಳ್ಳಿ. ತೋಟದಲ್ಲಿ ಸಿಗ್ನಲ್ ಸಿಗದ ಜಾಗವಿದ್ದರೆ ಆ ವಾರ ಮನೆಯ ಹತ್ತಿರವೇ ಇರಿ, ಪಕ್ಕದ ಮನೆಯವರಿಗೂ ಹೇಳಿಡಿ. ಮೂಲ ದಾಖಲೆಗಳೆಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ.

ಅಷ್ಟರಲ್ಲಿ ಇನ್ನೊಂದು ಕೆಲಸ ಮಾಡಿ. ನಿಮ್ಮ ಮನೆಯವರ ಪಾಸ್‌ಪೋರ್ಟ್ ಕೈಯಲ್ಲಿದೆಯಲ್ಲ, ಅವರ ವೀಸಾ ಕೆಲಸ ಈಗಲೇ ಶುರುವಾಗಲಿ. ಜರ್ಮನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೂ ಬೆಂಗಳೂರಿನಲ್ಲಿ ದಿನ ಹಿಡಿಯಬೇಕು, ಬೆರಳಚ್ಚು ಕೊಡಬೇಕು, ಪ್ರಯಾಣ ವಿಮೆ ಮಾಡಿಸಬೇಕು. ಅರ್ಜಿ ಕೊಟ್ಟ ಮೇಲೂ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ. ಸಿಕ್ಕರೆ 180 ದಿನದಲ್ಲಿ 90 ದಿನ ಇರಬಹುದು. ಅದನ್ನು ಹೆರಿಗೆಯ ದಿನಕ್ಕೆ ಹೊಂದಿಸಿಕೊಂಡು ಟಿಕೆಟ್ ಮಾಡಿಸಿ. ಇಬ್ಬರೂ ಒಟ್ಟಿಗೇ ಹೋಗಬೇಕು ಅಂತ ಅವರನ್ನೂ ನಿಲ್ಲಿಸಿಕೊಳ್ಳಬೇಡಿ. ಬಾಣಂತನಕ್ಕೆ ಮೊದಲು ಬೇಕಾದವರು ಅವರು. ನೀವು ಮೆಣಸು ಒಣಗಿಸಿ ಚೀಲಕ್ಕೆ ತುಂಬಿ, ಮಗುವಿನ ನಾಮಕರಣಕ್ಕೆ ಹೋದರೂ ನಡೆಯುತ್ತದೆ.